ಶನಿವಾರದ ಪಿಟೀಲು ಪಾಠ

ಕಣ್ಣಾಸ್ಪತ್ರೆಯಲ್ಲಿ ನನಗೂ ಪಕ್ಕದ ಹೆಂಗಸಿಗೂ ಹನಿ ಹಾಕಿ, ಕಣ್ಣು ಮುಚ್ಚಿಕೊಂಡು ಕೂತಿರಿ ಅಂದಿದ್ದರು. ಹಾಗಾಗಿ ಕಿವಿಗಷ್ಟೇ ಕೆಲಸ. ಆಕೆ ಜೊತೆಗೆ ಬಂದಿದ್ದ ತಮ್ಮನೊಡನೆ ಮಾತಾಡುತ್ತಿದ್ದರು.

“ಸಂಗೀತ ಪತ್ರಿಕೆ ಈ ತಿಂಗಳಿಗೆ ಸಾಕು ಕಣೋ. ನಿಲ್ಲಿಸಿಬಿಡೋಣ.”

“ಇಪ್ಪತ್ತೆರಡು ವರ್ಷ ಆಯ್ತಲ್ಲ ಅಕ್ಕ. ಭಾವ ಒಂದೇ ಹಾಳೇಲಿ ಶುರು ಮಾಡಿದ್ರು.”

“ಊರಲ್ಲಿ ಯಾರು, ಎಲ್ಲಿ, ಎಷ್ಟೊತ್ತಿಗೆ ಹಾಡ್ತಾರೆ. ಅಷ್ಟೇ ಇತ್ತು ಆಗ.”

“ಕಟಿಂಗ್ ಶಾಪು, ಔಷಧಿ ಅಂಗಡಿ, ಎಲ್ಲಾ ಕಡೆ ನಾನೇ ಇಟ್ಟು ಬರ್ತಿದ್ದೆ. ಪುಕ್ಕಟೆ ಅಂದ್ರೂ ಯಾರೂ ಮುಟ್ಟಲ್ಲ.”

“ಓದೋರಿಲ್ಲ ಅಂತ ನಂಗೂ ಗೊತ್ತಿತ್ತು.”

“ಹೇಗೆ?”

“ಕೊನೇ ಪುಟದಲ್ಲಿ ನಿಮ್ ಭಾವನ ಪಾಠದ ಪ್ರಕಟಣೆ ಇದೆಯಲ್ಲ. ಪ್ರತಿ ಶನಿವಾರ ಸಂಜೆ ಆರಕ್ಕೆ ನಮ್ಮನೇಲಿ ಪಿಟೀಲು, ಯಾರು ಬೇಕಾದ್ರೂ ಬರಬಹುದು ಅಂತ.”

“ಅದನ್ನ ಇನ್ನೂ ಹಾಕ್ತಿದ್ದೀಯಾ? ಭಾವ ಹೋಗಿ ಮೂರು ವರ್ಷ ಆಯ್ತು.”

“ತೆಗೆಯೋಕೆ ಮನಸ್ಸು ಬರ್ಲಿಲ್ಲ. ಮೂರು ವರ್ಷದಲ್ಲಿ ಒಬ್ರೂ ಬಾಗಿಲು ತಟ್ಟಲಿಲ್ಲ, ಒಬ್ರೂ ಫೋನ್ ಮಾಡ್ಲಿಲ್ಲ.”

“ಹ್ಞೂಂ.”

“ಹೋದ ಶನಿವಾರ ಒಬ್ರು ಬಂದ್ರು. ವಯಸ್ಸಾದೋರು. ಪತ್ರಿಕೆ ಮಡಚಿ ಜೇಬಲ್ಲಿಟ್ಕೊಂಡಿದ್ರು. ಕೈಯಲ್ಲಿ ಹೊಸ ಪಿಟೀಲು.”

“ಏನಂದೆ ಮತ್ತೆ?”

“ಇವತ್ತು ಪಾಠ ಇಲ್ಲ, ಮುಂದಿನ ವಾರ ಬನ್ನಿ ಅಂದೆ.”

ಒಳಗಿಂದ ನರ್ಸ್ ಕರೆದಳು. ಬೆಂಚು ಕಿರುಗುಟ್ಟಿತು, ಇಬ್ಬರೂ ಎದ್ದಿರಬೇಕು.

“ಅಕ್ಕ, ಶನಿವಾರ ಅಂದ್ರೆ ನಾಳೆ.”

“ಗೊತ್ತು. ಕುರ್ಚಿ ಹಾಕಿಟ್ಟು ಬಂದಿದ್ದೀನಿ. ಎರಡು. ಕಲಿಯೋರಿಗೊಂದು, ನಂಗೊಂದು.”

ಚಪ್ಪಲಿಗಳ ಸದ್ದು ಒಳಕ್ಕೆ ಹೋಯಿತು.