ಡೋರಿನಕ್ಕನ ಮನೆಯ ಗೋಲ್‌ಕೀಪರ್

ಕೆನಡಾದ ಸಸ್ಕಾಚೆವಾನಿನ ನಮ್ಮ ಊರಲ್ಲಿ ಐಸ್ ಹಾಕಿ ತಂಡದ ಹುಡುಗರಿಗೆ ಊಟ, ವಸತಿ ಎಲ್ಲ ಊರವರ ಮನೆಗಳಲ್ಲೇ. ಸೆಪ್ಟೆಂಬರಿನಲ್ಲಿ, ಈ ಸಲದ ಆಟಗಳ ಟಿಕೆಟ್ ಸಾಲಿನಲ್ಲಿ ನನ್ನ ಮುಂದೆ ಮೈರನ್, ಅವನ ಮುಂದೆ ಡೋರಿನ್.

"ಈ ಸಲ ತಂಡ ಗಟ್ಟಿಯಾಗಿದೆ ಡೋರಿನಕ್ಕ. ಗೋಲ್‌ಕೀಪರೂ ಹೊಸಬ," ಅಂದ ಮೈರನ್.

"ಹಳಬನ್ನ ಪಕ್ಕದೂರಿನ ತಂಡಕ್ಕೆ ಕೊಟ್ಬಿಟ್ರಲ್ಲೋ!"

"ಎರಡು ವರ್ಷ ನಿಮ್ಮನೇಲೇ ಇದ್ದ. ಎಲ್ಲಿ ಹೊಡೆದ್ರೆ ಅವನಿಗೆ ತಡೆಯೋಕಾಗಲ್ಲ ಅಂತ ನಿಮಗೆ ಗೊತ್ತಿರ್ಬೇಕು."

"ಗೊತ್ತು. ಊಟಕ್ಕೆ ಕೂತಾಗ ಅವನೇ ಹೇಳ್ಕೊಂಡು ಅತ್ತಿದ್ದ."

"ಮತ್ತೆ ನಮ್ಮ ಕೋಚ್‌ಗೆ ಹೇಳಿ!"

"ಸತ್ರೂ ಹೇಳಲ್ಲ."

"ನೀವು ಯಾರ ಕಡೆ?"

"ನಮ್ಮೂರ ಕಡೆನೇ. ಹೊಸಬನೂ ನಮ್ಮನೇಲೇ ಇದಾನೆ, ಬೆಳಿಗ್ಗೆಗೆ ಆರು ಮೊಟ್ಟೆ ಬೇಕು ಅವನಿಗೆ."

"ಹಳಬ ಬಂದು ಆಡೋ ದಿನ, ನಾವು ಗೋಲು ಹೊಡೆದ್ರೆ?"

"ಎದ್ದು ನಿಂತು ಚಪ್ಪಾಳೆ ತಟ್ತೀನಿ."

ಡೋರಿನ್ ಟಿಕೆಟ್ ತೆಗೆದುಕೊಂಡು ಹೊರಟಳು. ಬಾಗಿಲ ಬಳಿ ತಿರುಗಿದಳು.

"ಆಟ ಮುಗಿದ ಮೇಲೆ ಮನೆಗೆ ಕರ್ಕೊಂಡ್ಹೋಗಿ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಬಡಿಸ್ತೀನಿ. ಹಳಬ, ಹೊಸಬ ಇಬ್ಬರಿಗೂ."