ಬಾವಿ ಹೂಳಲ್ಲಿ ಸಿಕ್ಕ ಕಿಕ್ಕರ್

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಕ್ಕರೆ ನನಗೆ ಸಿಟ್ಟು ಬರುತ್ತೆ. ಇದು ನನ್ನ ಚಿಕ್ಕಪ್ಪನ ಮಗನಿಗೆ ಆಗಿದ್ದು, ಕೊನೇ ಭಾಗಕ್ಕೆ ನಾನೂ ಅಲ್ಲೇ ಇದ್ದೆ.

ಹಳೇ ಬಾವಿಯ ಹೂಳು ತೆಗೆದು ಪಕ್ಕದಲ್ಲೇ ರಾಶಿ ಹಾಕಿದ್ದರು. ಅವತ್ತು ಗುರುವಾರ. ಇವನು ಕೆಲಸ ಮುಗಿಸಿಕೊಂಡು ಒಬ್ಬನೇ ಬರ್ತಿದ್ದ, ರಾತ್ರಿ ಹತ್ತೂವರೆ ಆಗಿತ್ತು. ಬಾವಿ ದಾಟಿದ್ದಾನೆ... ಹಿಂದಿನಿಂದ ಒಂದು ಸದ್ದು. ಕಿರ್ರ್‌ರ್... ಟಕ್. ನಿಂತ. ಏನಿಲ್ಲ. ಎರಡು ಹೆಜ್ಜೆ ಇಟ್ಟ. ಕಿರ್ರ್‌ರ್... ಟಕ್. ಹಳೇ ಮೋಟಾರ್‌ಸೈಕಲ್ಲಿನ ಕಿಕ್ಕರ್ ತುಳಿದು ಬಿಟ್ಟಾಗ ಅದು ವಾಪಸ್ ಬರುತ್ತಲ್ಲ, ಅದೇ ಸದ್ದು.

ನೀವೋ ನಾನೋ ಆಗಿದ್ದರೆ ಕಾಲಿಗೆ ಬುದ್ಧಿ ಹೇಳ್ತಿದ್ವಿ. ಇವನು ವಾಪಸ್ ಹೋಗಿ ಹೂಳಿಗೆ ಕೈ ಹಾಕಿದ. ಮೊಣಕೈವರೆಗೆ ಕೆಸರು. ಕೈಗೆ ಕಿಕ್ಕರ್ ಸಿಕ್ತು.

ಇವನನ್ನ ನಾವು ಕರೆಯೋದೇ ಪಾಲಿಶ್ ಅಂತ. ಹಗಲೆಲ್ಲ ಕನ್ನಡಕದ ಅಂಗಡೀಲಿ ಗಾಜು ಉಜ್ಜೋದು, ಮನೆಗೆ ಬಂದು ಹಳೇ ಗಾಡಿ ಸಾಮಾನು ಉಜ್ಜೋದು. ಒಂದು ಕಲೆ ಕಂಡರೆ ಅವನಿಗೆ ಅನ್ನ ಸೇರಲ್ಲ. ಊಟದ ಮಧ್ಯೆ ಎದ್ದು ತಟ್ಟೆ ಉಜ್ಜೋಕೆ ಹೋಗ್ತಾನೆ ಅಂತ ಚಿಕ್ಕಮ್ಮ ಬೈಯೋರು.

ಕಿಕ್ಕರ್ ಹಿಡಕೊಂಡು ಮನೆಗೆ ಹೋಗ್ತಾ ನಮ್ಮೂರ ಪೋಸ್ಟ್‌ಮ್ಯಾನ್ ತಾತನ ಮನೆ ಮುಂದೆ ಬಂದ. ಬಾಗಿಲು ಎಂದಿನ ಹಾಗೆ ಸ್ವಲ್ಪ ತೆಗೆದೇ ಇತ್ತು. ತಾತನ ಮಗ ಹನ್ನೊಂದು ವರ್ಷದ ಹಿಂದೆ ಗಾಡಿ ರಿಪೇರಿಗೆ ಅಂತ ಹೋದವನು ವಾಪಸ್ ಬರಲಿಲ್ಲ. ಗಾಡಿ ತಗೊಂಡು ಊರು ಬಿಟ್ಟ ಅಂತ ಆ ರಿಪೇರಿ ಶೆಡ್ಡಿನ ಮೇಸ್ತ್ರಿನೇ ಎಲ್ಲರಿಗೂ ಹೇಳಿದ್ದು. ಮಗ ರಾತ್ರಿ ಬಂದರೆ ಬಾಗಿಲು ಬಡೀಬೇಕಾಗುತ್ತೆ ಅಂತ ತಾತ ಅವತ್ತಿನಿಂದ ಅಗಣಿ ಹಾಕಿರಲಿಲ್ಲ.

ಪಾಲಿಶ್ ಅವತ್ತೇ ಸೀಮೆಎಣ್ಣೇಲಿ ಕಿಕ್ಕರ್ ನೆನೆಹಾಕಿದ. ಮಡಿಚೋ ಸಂದಿಯಲ್ಲಿ ಏನೋ ಬಿಳಿ ಚೂರು ಸಿಕ್ಕಿಕೊಂಡಿತ್ತು. ಕಲ್ಲು ಅಂದುಕೊಂಡು ಸೂಜಿಯಿಂದ ಎಬ್ಬಿಸಿ ಮೋರಿಗೆ ಎಸೆದ. ತುಕ್ಕೆಲ್ಲ ಹೋಯ್ತು. ಆ ಸಂದಿ ಹತ್ತಿರ ಒಂದು ಕಪ್ಪು ಕಲೆ ಮಾತ್ರ ಹೋಗಲಿಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿದ. ಠಪ್! ಬಾಯಿಗೆ ಏಟು ಬಿತ್ತು. ಕೋಣೇಲಿ ಯಾರೂ ಇಲ್ಲ. ತುಟಿ ಸೀಳಿ ರಕ್ತ ಸುರೀತಿದೆ. ಬ್ರಷ್ ಜಾರಿತು ಅಂದುಕೊಂಡ ಪುಣ್ಯಾತ್ಮ. ಶುಕ್ರವಾರ ಮತ್ತೆ ಉಜ್ಜಿದ. ಮತ್ತೆ ಅಲ್ಲೇ ಏಟು, ಎರಡು ಹಲ್ಲು ಅಲ್ಲಾಡಿದವು. ಶನಿವಾರ ಅದನ್ನ ಬಟ್ಟೇಲಿ ಬಿಗಿಯಾಗಿ ಸುತ್ತಿಟ್ಟು ಮೇಸ್ತ್ರಿ ಶೆಡ್ಡಿಗೆ ಹೋದ. ಇವನಿಗೆ ಪಾಲಿಶ್ ಕಲಿಸಿದ ಗುರು ಅವರೇ. ಬಾವಿ ಹೂಳಲ್ಲಿ ಕಿಕ್ಕರ್ ಸಿಕ್ತು ಅಂದನಂತೆ, ಅಷ್ಟೇ. ಕಲೆ ಸುದ್ದಿ ಎತ್ತಲಿಲ್ಲ. ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಬಿತ್ತಂತೆ.

ಭಾನುವಾರ ಹಾಡಹಗಲು ಮೇಸ್ತ್ರಿನೇ ಚಿಕ್ಕಪ್ಪನ ಮನೆಗೆ ಬಂದರು. ನಾನು ಅಲ್ಲೇ ಕಾಫಿ ಕುಡೀತಿದ್ದೆ. ವಯಸ್ಸಾದ ಮನುಷ್ಯ, ಬಾಯಿತುಂಬ ಕಟ್ಟಿಸಿಕೊಂಡ ಹಲ್ಲು, ಮಾತಾಡಿದರೆ ಕಟ್ ಕಟ್ ಅನ್ನೋದು. ಅವತ್ತು ಪಿಸುಗುಟ್ಟಿದರು.

"ಅದನ್ನ ಕೊಡು."

ಪಾಲಿಶ್ ಬಟ್ಟೆ ಗಂಟು ತಂದ.

"ಮಡಿಚೋ ಹತ್ರ ಕಪ್ಪಗಿತ್ತಲ್ಲ... ಹೋಯ್ತಾ?"

ಪಾಲಿಶ್ ಕೈ ಗಂಟಿನ ಮೇಲೇ ನಿಂತಿತು.

"ನಿಮ್ಮ ಮುಂದೆ ನಾನಿನ್ನೂ ಗಂಟು ಬಿಚ್ಚೇ ಇಲ್ಲ, ಮೇಸ್ತ್ರಿ."

ಮೇಸ್ತ್ರಿ ಗಂಟು ಕಿತ್ತುಕೊಂಡು ಸೀದಾ ಹಿತ್ತಲ ಕೋಣೆಗೆ ನುಗ್ಗಿ ಬಟ್ಟೆ ಬಿಚ್ಚಿ, ಹೊಳಪು ಕೊಡೋ ಬಫಿಂಗ್ ಮೆಷಿನ್ ಹಾಕಿದರು. ಗುಂಯ್‌ಯ್ ಅಂತ ಬಟ್ಟೆ ಚಕ್ರ ತಿರುಗಿತು. ಮೊದಲ ದಿನವೇ ಅವರು ಇವನಿಗೆ ಹೇಳಿಕೊಟ್ಟ ಪಾಠ ಒಂದಿದೆ: ಸಾಮಾನನ್ನ ಚಕ್ರದ ಕೆಳಭಾಗಕ್ಕೇ ಒತ್ತಬೇಕು, ಚಕ್ರ ಕಿತ್ತುಕೊಂಡರೂ ಆಚೆ ಗೋಡೆಗೆ ಎಸೆಯುತ್ತೆ, ಮುಖಕ್ಕೆ ಬರಲ್ಲ. ಅವರೂ ಕೆಳಗೇ ಒತ್ತಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಚಕ್ರ ಕಿಕ್ಕರನ್ನ ಕಿತ್ತುಕೊಳ್ತು. ಗೋಡೆ ಕಡೆ ಹೋಗಬೇಕಾದ್ದು ಮುಖಕ್ಕೆ ಬಂತು. ಠಪ್! ಹಲ್ಲಿನ ಸೆಟ್ಟು ಚೂರಾಗಿ ನನ್ನ ಕಾಲ ಹತ್ತಿರ ಬಿತ್ತು. ನಾನು ಹಾರಿ ಪ್ಲಗ್ ಕಿತ್ತೆ. ಚಕ್ರ ನಿಧಾನ ಆಯ್ತು... ನಿಲ್ತು. ಕಿಕ್ಕರ್ ನೆಲದ ಮೇಲಿತ್ತು, ಅಲ್ಲಾಡ್ತಿರಲಿಲ್ಲ.

ಕಿರ್ರ್‌ರ್... ಟಕ್. ಆಮೇಲೆ ಮತ್ತೆ ಠಪ್! ದವಡೆ ಮುರಿದ ಸದ್ದು ಒಣ ಸೌದೆ ಮುರಿದ ಹಾಗೆ ಕೇಳಿಸ್ತು. ಇನ್ನೊಂದು, ಠಪ್! ಮೂಗು ಒಳಗೆ ಹೋಯ್ತು. ಮೇಸ್ತ್ರಿ ಗೋಡೆಗೆ ಒರಗಿ ಯಾರಿಗೋ ಕೈ ಮುಗೀತಿದ್ದ. ಗೋಡೆ ತುಂಬ ರಕ್ತ. ಪ್ಲಗ್ ನನ್ನ ಕೈಯಲ್ಲೇ ಇತ್ತು. ಇದೇ ಕೈಯಲ್ಲಿ.

ಅವನು ಬದುಕಿದ, ಮಾತು ಬರಲ್ಲ. ಪೊಲೀಸರು ಕಾಗದ ಕೊಟ್ಟರೆ 'ಬಾವಿ' ಅಂತ ಒಂದೇ ಪದ ಬರೆದ. ಹನ್ನೊಂದು ವರ್ಷದ ಹಿಂದೆ ಯಾಕೆ ಹೊಡೆದ ಅಂತ ಇವತ್ತಿಗೂ ಬರೆದಿಲ್ಲ. ಬಾವಿ ತಳ ಇನ್ನೂ ಆಳಕ್ಕೆ ಅಗೆದರು. ಮೊದಲು ಗಾಡಿ ಸಿಕ್ತು, ಕಿಕ್ಕರ್ ಇರಲಿಲ್ಲ. ಅದರ ಕೆಳಗೆ ತಾತನ ಮಗ. ಮುಂದಿನ ಒಂದು ಹಲ್ಲು ಇರಲಿಲ್ಲ.

ಆ ಹಲ್ಲು ಸಿಕ್ಕಿದ್ದು ಆಸ್ಪತ್ರೇಲಿ. ಮೇಸ್ತ್ರಿ ಅಂಗುಳಲ್ಲಿ ಹೂತಿತ್ತು ಅಂತ ಡಾಕ್ಟರ್ ಚಿಮಟದಲ್ಲಿ ಎಳೆದು ಸ್ಟೀಲ್ ಬಟ್ಟಲಿಗೆ ಹಾಕಿದರು. ಟಿಣ್ ಅಂತು. ಮೇಸ್ತ್ರಿ ಬಾಯಲ್ಲಿ ಸ್ವಂತದ್ದು ಒಂದೂ ಹಲ್ಲಿರಲಿಲ್ಲ. ಪಾಲಿಶ್ ಬಗ್ಗಿ ನೋಡಿದ. ಗುರುವಾರ ಮೋರಿಗೆ ಎಸೆದ ಚೂರು ಅದು. ಅವನ ಸೂಜಿ ಗೀರು ಹಾಗೇ ಇತ್ತು.

ನಂಬದಿದ್ದರೆ ಬಿಡಿ, ನನಗೇನು. ಮನೆಗೆ ಹೋಗ್ತಾ ತಾತನ ಬಾಗಿಲು ಒಂದು ಸಲ ತಳ್ಳಿ ನೋಡಿ. ಈಗ ಒಳಗಿನಿಂದ ಅಗಣಿ ಹಾಕಿರುತ್ತೆ.