ಬದುಕಿರುವವರ ಚೀಟಿ

ಮಧ್ಯಾಹ್ನದಿಂದ ಹಿಡಿದ ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ಕಾನ್‌ಸ್ಟಾಂಟಿನೋಪಲಿನ ಹಳೆಯ ಕೋಟೆಗೋಡೆಯ ಪಕ್ಕದ ಚರ್ಚಿನ ಅಡುಗೆಮನೆಯಲ್ಲಿ ಹೆಂಗಸರೆಲ್ಲ ಒಲೆ ಸುತ್ತ ಸೇರಿ ಗೋಧಿ ಬೇಯಿಸುತ್ತಿದ್ದರು. ನಾಳೆ ಸತ್ತವರ ಶನಿವಾರ. ಬೆಂದ ಗೋಧಿಗೆ ದ್ರಾಕ್ಷಿ, ದಾಳಿಂಬೆ ಬೆರೆಸಿ ಸತ್ತವರ ಹೆಸರಿನಲ್ಲಿ ಹಂಚಬೇಕು. ಅದಕ್ಕೆ ಮೊದಲು, ಪ್ರಾರ್ಥನೆಯಲ್ಲಿ ಓದಲು ಪ್ರತಿ ಮನೆಯಿಂದ ಪಾದ್ರಿಗೆ ಎರಡು ಚೀಟಿ ಹೋಗಬೇಕು. ಒಂದರಲ್ಲಿ ಬದುಕಿರುವವರ ಹೆಸರು, ಇನ್ನೊಂದರಲ್ಲಿ ತೀರಿಕೊಂಡವರದು.

ಅಂಥೂಸಾಳ ಗಂಡನ ಹೆಸರು ಎರಡರಲ್ಲೂ ಇರಲಿಲ್ಲ. ಕಪ್ಪು ಸಮುದ್ರದಾಚೆಯಿಂದ ಧಾನ್ಯ ತರಲು ಲಿಯೋಂಟಿಯೋಸ್ ಹಡಗು ಹತ್ತಿ ಮೂರು ವರ್ಷವಾಗಿತ್ತು. ಹಡಗೂ ಇಲ್ಲ, ಸುದ್ದಿಯೂ ಇಲ್ಲ. ಯಾವ ಚೀಟಿಗೆ ಹೇಳಬೇಕೆಂದು ಅವಳಿಗೆ ತಿಳಿದಿರಲಿಲ್ಲ.

"ಬದುಕಿರೋರ ಚೀಟಿಗೇ ಹಾಕ್ತೀನಿ ಬಿಡೇ," ಎಂದಳು ಹೆಸರು ಬರೆದುಕೊಳ್ಳುತ್ತಿದ್ದ ಪಾದ್ರಿಯ ಹೆಂಡತಿ ಮೆಲಾನಿ. "ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಮುದುಕಿ ಸ್ತಮಾತಾ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು. "ಬಾಯ್ಮುಚ್ಚೇ. ನಿನ್ನ ಗಂಡ ಮನೇಲಿ ಗೊರಕೆ ಹೊಡೀತಿದಾನೆ, ನಿನಗೇನು ಗೊತ್ತು? ಅಂಥೂಸಾ, ಹತ್ರ ಬಾ ಮಗಳೇ. ಬರೆಸೋಕೆ ಮುಂಚೆ ನಮ್ಮಮ್ಮನ ಕತೆ ಕೇಳು."

ಅಂಥೂಸಾ ಹೋಗಿ ಒಲೆಯ ಪಕ್ಕ ಕುಳಿತಳು.

"ಈ ಊರು ತುರ್ಕರ ಕೈಸೇರಿ ಅರವತ್ತು ವರ್ಷ ಆಯ್ತು. ಆಗ ನನಗೆ ಏಳು. ನಮ್ಮದು ರೋಮನ್ನರ ಸಾಮ್ರಾಜ್ಯ, ರೋಮನ್ನರ ಸಾಮ್ರಾಜ್ಯ ಅಂತ ನಿಮ್ಮ ತಾತಂದಿರು ಎದೆ ಉಬ್ಬಿಸ್ತಾರಲ್ಲ... ಎಷ್ಟಿತ್ತು ಅಂದ್ಕೊಂಡ್ರಿ? ನಾನು ಕಂಡಿದ್ದು ಈ ಗೋಡೆ ಒಳಗಿನದು ಅಷ್ಟೇ. ಬೆಳಿಗ್ಗೆ ಹೊರಟ್ರೆ ಸಂಜೆಯೊಳಗೆ ಸುತ್ತಿ ಬರಬಹುದು. ಅದರಲ್ಲೂ ಅರ್ಧ ಬರೀ ಹೊಲ, ಮೇಕೆ ಮೇಯ್ತಿದ್ವು. ರಾಜನ ಕಿರೀಟದಲ್ಲಿ ರತ್ನ ಇರಬೇಕಾದ ಕಡೆ ಗಾಜಿನ ಚೂರು! ಆದ್ರೂ ನಮ್ಮ ಕಾಲ ಮುಗೀತು ಅಂತ ಒಬ್ಬರಾದ್ರೂ ಬಾಯಿ ಬಿಟ್ರಾ? ಉಹೂಂ...

ನಮ್ಮಪ್ಪ ಮನುಯೇಲ್ ಗಾರೆ ಕೆಲಸದವನು. ತುರ್ಕರ ಫಿರಂಗಿ ಹಗಲೆಲ್ಲ ಗೋಡೆ ಒಡೆಯೋದು, ಕತ್ತಲಾದ ಮೇಲೆ ಅಪ್ಪನಂಥೋರು ಕಲ್ಲು, ಮಣ್ಣು ತುಂಬಿದ ಪೀಪಾಯಿ ಇಟ್ಟು ಮುಚ್ಚೋದು, ಮತ್ತೆ ಅವರು ಒಡೆಯೋದು, ಮತ್ತೆ ಇವರು ಮುಚ್ಚೋದು... ಐವತ್ತು ದಿನ ಇದೇ ಬಾಳು. ಕೊನೇ ಸೋಮವಾರ 'ಗೋಡೆ ಮುಗಿಸದೆ ಬರಲ್ಲ' ಅಂತ ಹೇಳಿಹೋದ. ಮಂಗಳವಾರ ಊರು ಬಿತ್ತು. ಅಮ್ಮನೂ ನಾನೂ ನೆಲದಡಿಯ ನೀರಿನ ತೊಟ್ಟೀಲಿ ಅಡಗಿ ಜೀವ ಉಳಿಸ್ಕೊಂಡ್ವಿ. ಅಪ್ಪನ ಹೆಣ ಕಂಡೋರಿಲ್ಲ. ಮುಂದಿನ ವರ್ಷ ಇದೇ ಶನಿವಾರ ಬಂತು ನೋಡು, ಅಮ್ಮ ಏನು ಮಾಡಿದಳು ಗೊತ್ತಾ? ಅಪ್ಪನ್ನ ಬದುಕಿರೋರ ಚೀಟಿಗೆ ಬರೆಸಿದಳು. ಪಾದ್ರಿ ಓದಿಯೂ ಬಿಟ್ಟರು.

ಮರುದಿನ ಬೆಳಿಗ್ಗೆ ನಮ್ಮ ಹೊಸ್ತಿಲ ಮೇಲೆ ಒಂದು ಸಾಲು ಕಲ್ಲು! ಗಾರೆ ಇನ್ನೂ ಹಸಿ. ಅದರಲ್ಲಿ ಅಪ್ಪನ ಬೆರಳ ಗುರುತು... ಅವನಿಗೆ ಹೆಬ್ಬೆರಳು ಅರ್ಧ ಇರಲಿಲ್ಲ, ಗುರುತೂ ಹಾಗೇ ಇತ್ತು. ಅಮ್ಮ ಕುಣಿದಾಡಿದಳು ಕಣ್ರೇ. ಬಾಗಿಲಲ್ಲಿ ರೊಟ್ಟಿ, ಆಲಿವ್ ಇಟ್ಟಳು. ಅಪ್ಪ ಮುಟ್ಟಿರಲಿಲ್ಲ. ಆದರೆ ಚರ್ಚಿನಲ್ಲಿ ಹೆಸರು ಓದಿದಾಗಲೆಲ್ಲ ಇನ್ನೊಂದು ಸಾಲು ಏಳೋದು. ನೆರೆಯವರು ಕೀಳೋಕೆ ಬಂದ್ರೆ ಅಮ್ಮ ಅಡ್ಡ ನಿಲ್ಲೋಳು. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು... ಅವನೇನು ಕೆಟ್ಟವನಲ್ಲ ಮಗಳೇ. ಕೆಲಸ ಸಾಕು, ಕರಣೆ ಕೆಳಗಿಡು ಅಂತ ಅವನಿಗೆ ಯಾರು ಹೇಳಿದ್ರು? ಬದುಕಿದೀಯ ಅಂದೋರು ನಾವೇ ಅಲ್ವಾ?"

"ಆಮೇಲಾದ್ರೂ ಸತ್ತೋರ ಚೀಟಿಗೆ ಹಾಕಿಸಲಿಲ್ವಾ ಅಜ್ಜಿ?" ಅಂಥೂಸಾ ಕೇಳಿದಳು.

"'ನನ್ನ ಕೈಯಾರೆ ಹೂಳಲಾ?' ಅಂತ ಅಮ್ಮ ಅತ್ತಳು. ಕೊನೆಗೆ ಒಂಬತ್ತು ವರ್ಷದ ನಾನೇ ಕಲ್ಲು ಹತ್ತಿ ಇಳಿದು ಪಾದ್ರಿ ಹತ್ರ ಓಡಿದೆ. ಅವರು ಅಪ್ಪನ ಹೆಸರನ್ನ ಸತ್ತೋರ ಜೊತೆ ಓದಿದರು. ಅಲ್ಲಿಗೆ ಅಪ್ಪ ಹೋದ... ಆದರೆ ನಾನು ಮನೆಗೆ ಬರೋಷ್ಟರಲ್ಲಿ ಬಾಗಿಲು ಮೇಲಿನವರೆಗೂ ಮುಚ್ಚಿತ್ತು. ಗೋಡೆ ಮುಗಿಸಿಯೇ ಹೋಗಿದ್ದ. ನಮ್ಮದು ಒಂದೇ ಕೋಣೆ, ಅದೊಂದೇ ಬಾಗಿಲು. ನೆರೆಯವರು ಕಲ್ಲು ಒಡೆದು ಒಳಗೆ ಹೋದ್ರೆ... ಒಲೆ ಉರೀತಿತ್ತು. ಅಮ್ಮನ ಚಪ್ಪಲಿ ಅಲ್ಲೇ ಇತ್ತು. ಅಮ್ಮ ಇರಲಿಲ್ಲ."

ಅಂಥೂಸಾ ಒಲೆಯ ಪಕ್ಕದಿಂದ ಎದ್ದು ಮೆಲಾನಿಯ ಬಳಿ ಬಂದಳು. ಆಮೇಲೆ, "ಲಿಯೋಂಟಿಯೋಸ್... ಸತ್ತೋರ ಚೀಟಿಗೆ ಬರೀರಿ," ಎಂದು ಸೆರಗಿನಂಥ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಮೆಲಾನಿ ಬರೆದಳು. ಬರೆದವಳು ಕೆಳಗಿದ್ದ, ಸ್ತಮಾತಾಳ ಮನೆಯ ಬದುಕಿರುವವರ ಚೀಟಿ ನೋಡಿ ತಟ್ಟನೆ ತಲೆ ಎತ್ತಿದಳು.

"ಸ್ತಮಾತಾ ಅಜ್ಜಿ, ನಿಮ್ಮಮ್ಮನ ಹೆಸರೇನು?"

"ಥಿಯೋಫಾನೋ."

"ವರ್ಷಾ ವರ್ಷಾ ಈ ಹೆಸರನ್ನ ನೀವು ಬದುಕಿರೋರಲ್ಲಿ..."

"ಹೆಣ ನೋಡಿಲ್ವಲ್ಲೇ," ಎಂದಳು ಸ್ತಮಾತಾ ಮೆಲ್ಲಗೆ. "ಅಪ್ಪನ್ನ ಕಳಿಸಿದೆ. ಅಮ್ಮನ್ನ ಕಳಿಸೋಕೆ ನನ್ನ ಕೈಲಾಗಲಿಲ್ಲ. ಮನೆ ಬಾಗಿಲಲ್ಲಿ ಬಗ್ಗಿಕೊಂಡು ಹೋಗ್ತೀನಿ, ಮುದುಕಿ ಬೆನ್ನು ಬಾಗಿದೆ ಅಂತ ನೀವೆಲ್ಲ ನಗ್ತೀರಿ. ಬೆನ್ನಿಗೇನಾಗಿದೆ, ನೋಡಿ."

ಅವಳು ಎದ್ದು ನೆಟ್ಟಗೆ ನಿಂತಳು.

"ಗಾರೆ ಕೆಲಸ ಕಲಿತವಳಲ್ಲ ನಮ್ಮಮ್ಮ. ಅಪ್ಪ ಕೆಳಗಿಂದ ಕಟ್ತಿದ್ದ... ಇವಳು ಬಾಗಿಲ ಮೇಲಿಂದ ಕಲ್ಲು ಇಳಿಸ್ತಿದಾಳೆ. ಹೋದ ವರ್ಷ ಹೆಸರು ಓದಿದಾಗಿನಿಂದ ನಾನು ತೆವಳಿಕೊಂಡೇ ಒಳಗೆ ಹೋಗೋದು."